ದೂರ ಹೋಗಲೇಬೇಕು ಅಂತೇನಿಲ್ಲ
ಇಬ್ಬರೂ ದುಡಿಯುವ ಗಂಡ ಹೆಂಡತಿಗೆ ವರ್ಷಕ್ಕೊಂದು ದೊಡ್ಡ ಪ್ರವಾಸ ಬೇಕೇ ಬೇಕು ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ನಾವು ಮಂಡ್ಯದವರು. ನಮ್ಮ ಮನೆಯವರಿಗೆ ಬ್ಯಾಂಕಿನಲ್ಲಿ ಕೆಲಸ, ನನಗೆ ಶಾಲೆಯಲ್ಲಿ. ಇಬ್ಬರಿಗೂ ಹಕ್ಕಿ ನೋಡುವ ಹುಚ್ಚು. ಭಾನುವಾರ ಬಂದರೆ ಬೈಕ್ ಹತ್ತಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೊರಟುಬಿಡುತ್ತೇವೆ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಗಂಡು, ಹೆಣ್ಣು ಸರದಿಯಲ್ಲಿ ಕಾವು ಕೂರುತ್ತವೆ. ಮರಿಗೆ ಮೀನು ತರುವುದೂ ಎರಡರ ಕೆಲಸವೇ. ಎಷ್ಟು ಚೆಂದ ಅಲ್ವಾ! ಅದನ್ನು ನೋಡುತ್ತಾ ಕೂತರೆ ವಾರವಿಡೀ ಉಳಿದ ಮಾತೆಲ್ಲ ತಾನಾಗಿಯೇ ಬರುತ್ತದೆ. 1940ರಲ್ಲೇ ಪಕ್ಷಿಧಾಮವಾದ ರಂಗನತಿಟ್ಟಿಗೂ ಹೋಗುತ್ತೇವೆ, ಆದರೆ ರಜೆಯಲ್ಲಿ ಅಲ್ಲಿ ಜನ ಜಾಸ್ತಿ. ಬೆಳ್ಳೂರಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ. ಮರದ ಕೆಳಗೆ ಮಾತ್ರ ಗಲಾಟೆ ಮಾಡಬೇಡಿ, ಮೇಲೆ ಮರಿಗಳಿರುತ್ತವೆ.