ಹಗೇವಿಗೆ ಬಿದ್ದ ಪೇಪರ್

ನಮ್ಮ ಕಾಕಾಗೆ ಎಂಬತ್ತು ದಾಟಿದೆ. ಡೋಣಿ ನದಿ ದಂಡೆಯ ಎರಿಹೊಲದ ಒಕ್ಕಲಿಗ. ಒಂದು ಸಂಜೆ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತ ಹಗೇವಿನ ಮಾತು ತೆಗೆದರು. ಹಗೇವು ಅಂದರೆ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಚಪ್ಪಡಿಕಲ್ಲು ಇಟ್ಟು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಒಳಗಿನ ಕಾಳೇ ಉಸಿರಾಡಿ ಆಮ್ಲಜನಕ ಮುಗಿಸುತ್ತದೆ, ಹುಳ ಸಾಯುತ್ತದೆ. ಬಾಯಿ ತೆಗೆದ ಕೂಡಲೇ ಇಳಿದರೆ ಮನುಷ್ಯನೂ ಸಾಯುತ್ತಾನೆ.

"ಮೊದಲ ಕಂದೀಲ ಇಳಿಬಿಡ್ತಿದ್ವಿ ತಮ್ಮಾ. ಆರಿತಂದ್ರ ಆವತ್ತು ಇಳೂದಿಲ್ಲ. ಆರಲಿಲ್ಲಂದ್ರ ಇಳೂದು. ಇಷ್ಟ."

ಕಾಕಾಗೆ ಇದನ್ನು ಹೇಳೋಕೆ ಅರ್ಧ ನಿಮಿಷ ಸಾಕಾಯಿತು. ನನಗೆ ಇದನ್ನು ಸಂಶೋಧನಾ ಪೇಪರ್ ಮಾಡೋಕೆ ಎರಡು ವರ್ಷ ಬೇಕಾಯಿತು.

ನಾನು ವಿಜಯಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪಾಠ ಮಾಡಿದರೆ ಪಗಾರ ಬರುತ್ತದೆ, ಪ್ರಮೋಷನ್ ಬರುವುದಿಲ್ಲ. ಅದಕ್ಕೆ ಪೇಪರ್ ಬೇಕು. ಪೇಪರ್ ಅಂದರೆ ಓದಲಿಕ್ಕಲ್ಲ, ಎಣಿಸಲಿಕ್ಕೆ. ಸಂತೆಯಲ್ಲಿ ಕುರಿ ಎಣಿಸುವವನಾದರೂ ಒಂದೊಂದರ ಬೆನ್ನು ಮುಟ್ಟಿ ನೋಡುತ್ತಾನೆ. ನಮ್ಮಲ್ಲಿ ಅದೂ ಇಲ್ಲ. ಫೈಲಿಗೆ ಝೆರಾಕ್ಸ್ ಸೇರಿತೋ, ಒಂದು. ಇನ್ನೊಂದು ಸೇರಿತೋ, ಎರಡು.

ಮೊದಲು ಒಳ್ಳೆಯ ಸಂಶೋಧನಾ ಪತ್ರಿಕೆಗೇ ಕಳಿಸೋಣ ಅಂತ ಹೊರಟೆ. ವಯಸ್ಸಿನ ಹುಮ್ಮಸ್ಸು. ಪತ್ರಿಕೆಯ 'ಲೇಖಕರಿಗೆ ಸೂಚನೆಗಳು' ನನ್ನ ಲೇಖನಕ್ಕಿಂತ ಉದ್ದವಾಗಿದ್ದವು. ಅಕ್ಷರದ ಗಾತ್ರ 12, ಸಾಲಿನ ನಡುವೆ ಎರಡು ಪಟ್ಟು ಜಾಗ. ಸಂಪಾದಕರಿಗೆ ಒಂದು ವಿನಯದ ಪತ್ರ ಬೇರೆ. ಆಮೇಲೆ 'ಹೈಲೈಟ್ಸ್' ಅಂತ ಒಂದು: ಮೂರರಿಂದ ಐದು ಸಾಲು, ಒಂದೊಂದೂ ಖಾಲಿ ಜಾಗ ಸೇರಿ 85 ಅಕ್ಷರ ಮೀರಬಾರದು. ಒಂದು ರಾತ್ರಿಯೆಲ್ಲ ಅಕ್ಷರ ಎಣಿಸಿದೆ. ಸಲೀಸಾಗಿ ಹಿಡಿಸಿದ್ದು ಕಾಕಾನ 'ಇಷ್ಟ' ಒಂದೇ.

ಶೀರ್ಷಿಕೆ 'ಹಗೇವಿನ ಜೋಳ ಯಾಕೆ ಕೆಡುವುದಿಲ್ಲ' ಅಂತಿತ್ತು. ಅದನ್ನು ಓದಿದರೆ ಎಲ್ಲರಿಗೂ ತಿಳಿಯುತ್ತದಲ್ಲ, ತೆಗೆದೆ. 'ಎ ನಾವೆಲ್ ಫ್ರೇಮ್‌ವರ್ಕ್ ಫಾರ್ ಸಸ್ಟೇನಬಲ್ ಸಬ್‌ಟೆರೇನಿಯನ್ ಗ್ರೇನ್ ರೆಸಿಲಿಯೆನ್ಸ್' ಅಂತ ಇಟ್ಟೆ. ಈಗ ನನಗೂ ತಿಳಿಯಲಿಲ್ಲ. ಸರಿಹೋಯಿತು ಅಂದುಕೊಂಡೆ.

'ರಿಸರ್ಚ್ ಗ್ಯಾಪ್' ತೋರಿಸಬೇಕು ಅಂದರು. ಈ ವಿಷಯದಲ್ಲಿ ಯಾರಿಗೂ ಇದುವರೆಗೆ ಗೊತ್ತಿಲ್ಲದ್ದು ಏನಿದೆ ಅಂತ ಬರೆಯಬೇಕು. ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಯಾರಿಗೂ ಗೊತ್ತಿಲ್ಲ ಅಂತ ಬರೆಯುವಾಗ ಕೈ ಸ್ವಲ್ಪ ನಡುಗಿತು. ಆಮೇಲೆ ರೂಢಿಯಾಯಿತು. ಇನ್ನು ಕಾಕಾನ ಮಾತಿಗೆ ಆಧಾರ ಕೊಡಬೇಕಲ್ಲ? ಆಧಾರ ಬರೆಯುವ ಪದ್ಧತಿಗಳಲ್ಲಿ ಎಪಿಎ ಅಂತ ಒಂದು. ಆ ಶೈಲಿಯಲ್ಲಿ ಬಾಯಿಮಾತಿಗೆ ಕೊನೆಯ ಪಟ್ಟಿಯಲ್ಲಿ ಜಾಗವೇ ಇಲ್ಲ. ಲೇಖನದ ನಡುವೆ ಕಂಸದೊಳಗೆ 'ಪರ್ಸನಲ್ ಕಮ್ಯುನಿಕೇಷನ್' ಅಂತ ಸೇರಿಸಬೇಕು, ಅಷ್ಟೇ. ಜನ್ಮದಲ್ಲಿ ಹಗೇವು ಕಂಡಿರದವರು ಬರೆದ ಮೂವತ್ತು ಲೇಖನಗಳು ಪಟ್ಟಿಯಲ್ಲಿ ಸಾಲಾಗಿ ಕೂತವು. ಹಗೇವಿಗೆ ಇಳಿದು ಬಂದವರು ಕಂಸದೊಳಗೆ ಇಳಿದರು.

ಏಳು ತಿಂಗಳಿಗೆ ಉತ್ತರ ಬಂತು. ಪೇಪರನ್ನು ಅಚ್ಚಿಗೆ ಮುಂಚೆ ಓದಿ ತೂಗುವವರು ರಿವ್ಯೂವರ್. ಮೊದಲ ರಿವ್ಯೂವರ್ ಒಂದೇ ಸಾಲು ಬರೆದಿದ್ದರು: ಆಸಕ್ತಿಕರವಾಗಿದೆ. ಎರಡನೇ ರಿವ್ಯೂವರ್ ಎರಡು ಪುಟ ಬರೆದಿದ್ದರು. ಪೇಪರ್ ಕಳಿಸಿದವರು ಯಾರನ್ನಾದರೂ ಕೇಳಿ, ಈ ಎರಡನೇ ರಿವ್ಯೂವರ್ ಅನ್ನುವ ಪ್ರಾಣಿಯ ಪರಿಚಯ ಇರುತ್ತದೆ. ಕಂದೀಲು ಯಾವ ಕಂಪನಿಯದು? ಅದನ್ನು ಕ್ಯಾಲಿಬ್ರೇಟ್ ಮಾಡಲಾಗಿತ್ತೇ? ಎಷ್ಟು ಕಂದೀಲುಗಳ ಮೇಲೆ ಪ್ರಯೋಗ ನಡೆಯಿತು? ಕಂದೀಲು ಇಳಿಸದೆ ನೇರವಾಗಿ ಮನುಷ್ಯರನ್ನೇ ಇಳಿಸಿದ 'ಕಂಟ್ರೋಲ್ ಗ್ರೂಪ್' ಯಾಕಿಲ್ಲ? ಕೊನೆಯಲ್ಲಿ, ಲೇಖಕರು ಈ ಕೆಳಗಿನ ಐದು ಲೇಖನಗಳನ್ನು ಉಲ್ಲೇಖಿಸಿದರೆ ಚೆನ್ನ ಅಂತ ಒಂದು ಸಲಹೆ. ಐದೂ ಒಬ್ಬರೇ ಬರೆದವು. ಅದು ಯಾರು ಅಂತ ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಅಲ್ವಾ?

ಕಂಟ್ರೋಲ್ ಗ್ರೂಪಿನ ವಿಷಯ ಕಾಕಾಗೆ ಹೇಳಿದೆ. "ಅಂವನ್ನ ಕರಕೊಂಡ ಬಾ, ಇಳಸೂಣು" ಅಂದರು.

ನಮ್ಮ ಪತ್ರಿಕೆಯ ವ್ಯಾಪ್ತಿಗೆ ಬರುವುದಿಲ್ಲ, ಬೇರೆ ಕಡೆ ಪ್ರಯತ್ನಿಸಿ, ಶುಭವಾಗಲಿ ಅಂತ ಪೇಪರ್ ಮರಳಿ ಬಂತು. ವ್ಯಾಪ್ತಿಗೆ ಬರುವುದಿಲ್ಲ ಅಂತ ಗೊತ್ತಾಗಲು ಏಳು ತಿಂಗಳು. ಇನ್ನೊಂದು ಪತ್ರಿಕೆಗೆ ಕಳಿಸೋಣ ಅಂದರೆ ಅಲ್ಲಿ ಎಪಿಎ ನಡೆಯುವುದಿಲ್ಲ, ವ್ಯಾಂಕೂವರ್ ಶೈಲಿ. ಹೆಸರು, ವರ್ಷ ತೆಗೆದು ನಂಬರ್ ಹಾಕಬೇಕು. ದಸರಾ ರಜೆ ಅದಕ್ಕೇ ಹೋಯಿತು. ಅವರೂ ವಾಪಸ್ ಕಳಿಸಿದರು. ಅವರು ಪುಣ್ಯವಂತರು, ನಾಲ್ಕೇ ದಿನ ತಗೊಂಡರು.

ಆಗ ನಮ್ಮ ಸ್ಟಾಫ್‌ರೂಮಿನ ಹಿರಿಯ ಸರ್ ನನ್ನನ್ನು ಮೂಲೆಗೆ ಕರೆದರು. ಅವರ ಹೆಸರಲ್ಲಿ ಕ್ಯಾನ್ಸರ್‌ನಿಂದ ಹಿಡಿದು ಬ್ಯಾಂಕಿಂಗ್‌ವರೆಗೆ ನಲವತ್ತು ಪೇಪರ್ ಇವೆ. ಕಲಿಸೋದು ಇತಿಹಾಸ.

"ಏನ್ರೀ ಸರ, ಇನ್ನೂ ಸತ್ಯಹರಿಶ್ಚಂದ್ರನ ಕಾಲದಾಗ ಅದೀರಿ? ವಾಟ್ಸಾಪ್ ನಂಬರ್ ಕೊಡ್ತೀನಿ. ಮುಂಜಾನೆ ಕಳಸ್ರಿ, ಮೂರನೇ ದಿನ ಪ್ರಿಂಟ್."

"ರಿವ್ಯೂ?"

"ಅದೂ ಆಗ್ತದ. ಫೋನ್‌ಪೇ ಮಾಡಿದ ಕೂಡ್ಲೆ ಆಗ್ತದ."

ಇದು ನಮ್ಮೂರಿನ ರೋಗವಷ್ಟೇ ಅಲ್ಲ. 2013ರಲ್ಲಿ ಜಾನ್ ಬೊಹಾನನ್ ಅನ್ನುವ ಪತ್ರಕರ್ತ ಬೇಕಂತಲೇ ತಪ್ಪು ತುಂಬಿದ ಒಂದು ನಕಲಿ ಪೇಪರನ್ನು ಸ್ವಲ್ಪ ಸ್ವಲ್ಪ ಬದಲಿಸಿ 304 ಪತ್ರಿಕೆಗಳಿಗೆ ಕಳಿಸಿದ. 157 ಪತ್ರಿಕೆಗಳು ಒಪ್ಪಿಕೊಂಡವು. ನಮ್ಮಲ್ಲಿ ಇದನ್ನು ತಡೆಯಲು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2019ರಲ್ಲಿ 'ಕೇರ್' ಅಂತ ಒಳ್ಳೆಯ ಪತ್ರಿಕೆಗಳ ಪಟ್ಟಿ ತಂದಿತು. ಪಟ್ಟಿ ಬಂದದ್ದೇ ತಡ, ಪಟ್ಟಿಯಲ್ಲಿದ್ದ ಪತ್ರಿಕೆಗಳ ಹೆಸರಿನಲ್ಲೇ ನಕಲಿ ವೆಬ್‌ಸೈಟ್‌ಗಳು ಹುಟ್ಟಿದವು. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಪತ್ರಿಕೆಯ ಯೋಗ್ಯತೆ ನೀವು ನೀವೇ ನೋಡಿಕೊಳ್ಳಿ ಅಂದಿತು. ಅಂದರೆ ಈಗ ಹಿರಿಯ ಸರ್ ನೋಡಿಕೊಳ್ಳುತ್ತಾರೆ.

"ಐಎಸ್‌ಎಸ್‌ಎನ್ ನಂಬರ್ ಐತ್ರೀ ಅದಕ್ಕ" ಅಂತ ಅವರು ಎದೆ ತಟ್ಟಿಕೊಂಡರು. ಐಎಸ್‌ಎಸ್‌ಎನ್ ಅಂದರೆ ಎಂಟಂಕಿಯ ಒಂದು ಗುರುತಿನ ಸಂಖ್ಯೆ. ನಮ್ಮ ದೇಶದಲ್ಲಿ ಪುಕ್ಕಟೆ ಸಿಗುತ್ತದೆ. ಟಂಟಂ ಗಾಡಿಗೆ ಕೆಎ 28 ಅಂತ ಬರೆದಿದ್ದರೆ ಅದು ವಿಜಯಪುರದ್ದು ಅಂತ ಗೊತ್ತಾಗುತ್ತದೆ. ಬ್ರೇಕ್ ಇದೆಯೋ ಇಲ್ಲವೋ ಹತ್ತಿದ ಮೇಲೇ ಗೊತ್ತಾಗೋದು.

ಇದೇ ಊರಲ್ಲಿ ಫ.ಗು. ಹಳಕಟ್ಟಿಯವರು ವಕೀಲಿಕೆ ನಡುವೆ ತಾಡೋಲೆ ಹುಡುಕುತ್ತ ಅಲೆದರು. ವಚನಗಳನ್ನು ಅಚ್ಚು ಹಾಕಲು ಸ್ವಂತ ಪ್ರೆಸ್ಸನ್ನೇ ಇಟ್ಟರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಪತ್ರಿಕೆಯ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಅನ್ನುವ ಲೆಕ್ಕಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನುತ್ತಾರೆ. ಶಿವಾನುಭವದ್ದು ಎಷ್ಟು ಅಂತ ಹಿರಿಯ ಸರ್‌ನ ಕೇಳಿದೆ. "ಅದು ಆನ್‌ಲೈನ್ ಐತೇನ್ರೀ?" ಅಂದರು.

ಸರಿ, ಸಾವಿರದೈನೂರು ರೂಪಾಯಿ ಕಳಿಸಿದೆ. ಹೌದು, ಕಳಿಸಿದೆ. ನಾನೇನು ಗಾಳಿ ಕುಡಿದು ಬದುಕುತ್ತೇನೆಯೇ? ಆ ಫೀಗೆ ಇಬ್ಬರು ಲೇಖಕರ ಹೆಸರು ಹಾಕಬಹುದಂತೆ. ಒಂದು ಟಿಕೆಟಿಗೆ ಎರಡು ಸೀಟು. "ಆ ಎರಡನೇ ಸೀಟು ನನಗಿರ್ಲಿ" ಅಂದರು ಹಿರಿಯ ಸರ್. "ಆಮ್ಯಾಲೆ ನೀವು ನಂದು ಸೈಟ್ ಮಾಡ್ರಿ, ನಾ ನಿಮ್ದು ಸೈಟ್ ಮಾಡ್ತೀನಿ." ಸೈಟ್ ಅಂದರೆ ಇಲ್ಲಿ ಜಾಗವಲ್ಲ, ಪೇಪರಿನ ಉಲ್ಲೇಖ. ಗೋಳಗುಮ್ಮಟದ ಗ್ಯಾಲರಿಯಲ್ಲಿ ನಿಂತು ಒಂದು ಸಲ ಕೂಗಿದರೆ ಏಳು ಸಲ ಕೇಳುತ್ತದೆ ಅನ್ನುತ್ತಾರೆ. ಕೂಗಿದವನು ಮಾತ್ರ ಒಬ್ಬನೇ. ಸೈಟೇಷನ್ ಲೆಕ್ಕವೂ ಹಾಗೇ ಬೆಳೆಯುವುದು.

ನನಗ್ಯಾಕೋ ರೇಗಿತು. 1975ರಲ್ಲಿ ಅಮೆರಿಕದ ಜ್ಯಾಕ್ ಹೆದರಿಂಗ್ಟನ್ ಅನ್ನುವ ಭೌತವಿಜ್ಞಾನಿ ಒಬ್ಬರೇ ಬರೆದ ಪೇಪರಿನಲ್ಲಿ ಉದ್ದಕ್ಕೂ 'ನಾವು, ನಾವು' ಅಂತ ಟೈಪ್ ಮಾಡಿದ್ದರು. ಒಬ್ಬನೇ ಲೇಖಕನಾದರೆ ಪತ್ರಿಕೆಯವರು ಅದನ್ನು ಒಪ್ಪುವುದಿಲ್ಲ ಅಂತ ಗೆಳೆಯ ಹೇಳಿದ. ಮತ್ತೆ ಟೈಪ್ ಮಾಡುವುದು ಯಾರು ಅಂತ ಮನೆಯ ಬೆಕ್ಕನ್ನೇ ಎಫ್.ಡಿ.ಸಿ. ವಿಲ್ಲರ್ಡ್ ಅನ್ನುವ ಹೆಸರಲ್ಲಿ ಸಹಲೇಖಕ ಮಾಡಿಬಿಟ್ಟರು. ಪೇಪರ್ ದೊಡ್ಡ ಪತ್ರಿಕೆಯಲ್ಲೇ ಬಂತು. ಅವರ ಮನೆಯಲ್ಲಿ ಬೆಕ್ಕಿದ್ದರೆ ನಮ್ಮ ಮನೆಯಲ್ಲಿ ಎತ್ತಿಲ್ಲವೇ? ಕಾಕಾನ ಎತ್ತಿನ ಹೆಸರು ಬಸ್ಯಾ. ಹಗೇವಿಗೆ ಜೋಳ ಹೊತ್ತ ವಂಶ. ಅದರ ಪಾಲು ಹಿರಿಯ ಸರ್ ಪಾಲಿಗಿಂತ ಜಾಸ್ತಿಯೇ ಇದೆ.

ಫಾರ್ಮಿನಲ್ಲಿ ಅಡ್ಡಹೆಸರು ಕಡ್ಡಾಯ. ಬಿ. ಗ್ವಾದಲಿ ಅಂತ ಹಾಕಿದೆ. ಬಸ್ಯಾ ಮೇಯುವ ಜಾಗ ಅದೇ. ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ ಅಡ್ಡಹೆಸರಿರುವ ನಾಡಿನಲ್ಲಿ ಗ್ವಾದಲಿ ಯಾರಿಗೂ ಅನುಮಾನ ತರಿಸಲಿಲ್ಲ. ಒಂದು ಇಮೇಲ್ ಐಡಿಯನ್ನೂ ಮಾಡಿಕೊಟ್ಟೆ. ಮೂರನೇ ದಿನ ಪೇಪರ್ ಬಂತು, ಬಂಗಾರದ ಅಂಚಿನ ಎರಡು ಸರ್ಟಿಫಿಕೇಟ್ ಬಂದವು. ಸರ್ಟಿಫಿಕೇಟಿನಲ್ಲಿ ನಾನು ಬರೀ ಶ್ರೀ. ಬಸ್ಯಾ ಡಾಕ್ಟರ್.

ಅಲ್ಲಿಂದ ಬಸ್ಯಾನ ಇನ್‌ಬಾಕ್ಸಿಗೆ ಬಿಡುವಿಲ್ಲ. 'ಗ್ರೀಟಿಂಗ್ಸ್ ಆಫ್ ದಿ ಡೇ, ಡಾ. ಗ್ವಾದಲಿ! ನಿಮ್ಮ ಅಮೋಘ ಸಂಶೋಧನೆ ನೋಡಿ ಬೆರಗಾದೆವು.' ಹೃದಯರೋಗದ ಪತ್ರಿಕೆಯಿಂದ ಒಂದು, ನ್ಯಾನೊ ತಂತ್ರಜ್ಞಾನದಿಂದ ಇನ್ನೊಂದು. ಎರಡು ವಾರದಲ್ಲಿ ಸಂಪಾದಕ ಮಂಡಳಿಗೇ ಕರೆ ಬಂತು. ನಾನು ನಕ್ಕೆ, ಆದರೆ ಇದೂ ಹೊಸದಲ್ಲ. ಪೋಲೆಂಡಿನ ಸಂಶೋಧಕರು ಆ್ಯನಾ ಒ. ಶುಸ್ಟ್ ಅಂತ ಇಲ್ಲದ ಒಬ್ಬಳನ್ನು ಹುಟ್ಟಿಸಿ, ಸಂಪಾದಕಿಯಾಗಲು ಸಿದ್ಧ ಅಂತ 360 ಪತ್ರಿಕೆಗಳಿಗೆ ಅರ್ಜಿ ಹಾಕಿದ್ದರು. 48 ಪತ್ರಿಕೆಗಳು ಕುರ್ಚಿ ಕೊಟ್ಟವು. 2017ರಲ್ಲಿ ಅವರೇ ಇದನ್ನು ಬಯಲು ಮಾಡಿದರು. ಅವರ ಭಾಷೆಯಲ್ಲಿ 'ಒಶುಸ್ಟ್' ಅಂದರೆ ಮೋಸಗಾರ. ಆ ಹೋಲಿಕೆಯಲ್ಲಿ ಬಸ್ಯಾನ ಬಯೋಡೇಟಾ ಎಷ್ಟೋ ವಾಸಿ. ಆತ ಇದ್ದಾನೆ, ದಿನಾ ದುಡಿಯುತ್ತಾನೆ.

ಬಸ್ಯಾನ ಪರವಾಗಿ ಒಪ್ಪಿಗೆ ಕಳಿಸಿದೆ. ವಾರ ಕಳೆಯುವಷ್ಟರಲ್ಲಿ ಆತನಿಗೆ ವಿಮರ್ಶೆಗೆ ಒಂದು ಪೇಪರ್ ಬಂತು. ತೆರೆದು ನೋಡಿದರೆ ಎಲ್ಲೋ ಓದಿದ ಹಾಗಿದೆ. ಎಲ್ಲೋ ಏನು, ನಂದೇ! ಲೇಖಕರ ಹೆಸರು ಮುಚ್ಚಿದ್ದರು, ಫೈಲಿನ ಹೆಸರು ಮುಚ್ಚಲು ಮರೆತಿದ್ದರು. ಹಿರಿಯ ಸರ್.

ಕದಿಯುವುದಕ್ಕೂ ನಿಯಮವಿದೆ ನೋಡಿ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ನೂರಕ್ಕೆ 10ರೊಳಗಿದ್ದರೆ ದಂಡವಿಲ್ಲ. ಅದಕ್ಕೆ ಜನ ಇಡೀ ಪೇಪರನ್ನು ಒಂದು ಸಾಫ್ಟ್‌ವೇರಿಗೆ ಹಾಕಿ ಪದ ಬದಲಿಸುತ್ತಾರೆ. ಗಿಯೋಮ್ ಕಬಾನಾಕ್ ಮತ್ತು ಗೆಳೆಯರು 2021ರಲ್ಲಿ ಇಂಥವನ್ನು ಕಲೆಹಾಕಿ 'ಚಿತ್ರಹಿಂಸೆಗೊಂಡ ನುಡಿಗಟ್ಟು' ಅಂತ ಹೆಸರಿಟ್ಟರು. ಬ್ರೆಸ್ಟ್ ಕ್ಯಾನ್ಸರ್ 'ಬೂಸಮ್ ಪೆರಿಲ್' ಆಗುತ್ತದೆ, ಎದೆಗಂಡಾಂತರ. ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ 'ಕೌಂಟರ್‌ಫಿಟ್ ಕಾನ್ಶಸ್‌ನೆಸ್' ಆಗುತ್ತದೆ, ಖೋಟಾ ಪ್ರಜ್ಞೆ.

ಹಿರಿಯ ಸರ್ ಕೈಯಲ್ಲಿ ನನ್ನ 'ಅಂಡರ್‌ಗ್ರೌಂಡ್ ಪಿಟ್' 'ಸಬ್‌ವೇ ಡಿಚ್' ಆಗಿತ್ತು. ಡೋಣಿ ದಂಡೆಯ ರೈತರು ಮೆಟ್ರೋ ಗುಂಡಿಯಲ್ಲಿ ಜೋಳ ಇಡುತ್ತಿದ್ದರು. ಕಾಕಾ 'ಖಾಸಗಿ ದೂರಸಂಪರ್ಕ' ಆಗಿದ್ದರು. ಇಲ್ಲಿಯವರೆಗೂ ನಗುತ್ತಲೇ ಓದಿದೆ. ಮುಂದಿನ ಸಾಲಿಗೆ ನಗು ನಿಂತಿತು. 'ಲ್ಯಾಂಟರ್ನ್' ಅನ್ನು ಸಾಫ್ಟ್‌ವೇರ್ 'ಎಲೆಕ್ಟ್ರಿಕ್ ಬಲ್ಬ್' ಮಾಡಿತ್ತು. ಗುಂಡಿಯೊಳಗೆ ಬಲ್ಬ್ ಇಳಿಬಿಡಬೇಕು. ಆರದಿದ್ದರೆ ಮನುಷ್ಯ ಇಳಿಯಬಹುದು. ಫಲಿತಾಂಶ: ಎಲ್ಲ ಪ್ರಯೋಗಗಳಲ್ಲೂ ಬಲ್ಬ್ ಆರಲಿಲ್ಲ. ಆದ್ದರಿಂದ ಸಬ್‌ವೇ ಡಿಚ್ ಸಂಪೂರ್ಣ ಸುರಕ್ಷಿತ.

ಭಾನುವಾರ ಊರಿಗೆ ಹೋದವನು ಲ್ಯಾಪ್‌ಟಾಪ್ ಹಿಡಿದು ದನದ ಮನೆಗೆ ನಡೆದೆ. ಕಾಕಾ ಅಲ್ಲೇ ಕಣಿಕೆ ಹಾಕುತ್ತಿದ್ದರು. ಪೂರ್ತಿ ಓದಿ ಹೇಳಿದೆ.

"ಬಲ್ಬು ಎದಕ್ಕ ಆರ್ತದೋ? ಕರೆಂಟ್ ಹೋದ್ರ ಆರ್ತದ" ಅಂದರು ಕಾಕಾ. "ಇದನ್ನ ಅಚ್ಚ ಹಾಕಬ್ಯಾಡ್ರಿ ಅಂತ ಬರಿ. ಯಾವನರ ಓದಿ ಇಳದ್ರ ಸಾಯ್ತಾನ."

"ಯಾರೂ ಓದೂದಿಲ್ಲ ಕಾಕಾ."

"ಮತ್ತ ಯಾಕ ಬರೀತೀರಿ?"

ನಾನು ಮಾತಾಡಲಿಲ್ಲ. ಬಸ್ಯಾ ಲ್ಯಾಪ್‌ಟಾಪನ್ನು ಒಮ್ಮೆ ಮೂಸಿ, ಮೂತಿ ತಿರುವಿ ಗ್ವಾದಲಿಗೆ ಬಾಯಿ ಹಾಕಿತು. ನಾನು 'ರಿಜೆಕ್ಟ್' ಒತ್ತಿ, ಕಾರಣದ ಜಾಗದಲ್ಲಿ ಬಲ್ಬ್ ಮತ್ತು ಕಂದೀಲಿನ ವ್ಯತ್ಯಾಸವನ್ನು ಕಾಕಾ ಹೇಳಿದಂತೆಯೇ ಬರೆದೆ. ಎರಡೇ ಸಾಲು.

ಬುಧವಾರ ಹಿರಿಯ ಸರ್ ಸ್ಟಾಫ್‌ರೂಮಿಗೆ ಧಾರವಾಡ ಪೇಡೆ ತಂದರು. ನಲವತ್ತೊಂದನೇ ಪೇಪರ್ ಪ್ರಕಟವಾಗಿತ್ತು, ಬಲ್ಬ್ ಸಮೇತ. ನನಗೆ ಎರಡು ಪೇಡೆ ಕೊಟ್ಟರು. ಅದೇ ಹೊತ್ತಿಗೆ ಬಸ್ಯಾನ ಇಮೇಲಿಗೂ ಬಂಗಾರದ ಅಂಚಿನ ಇನ್ನೊಂದು ಸರ್ಟಿಫಿಕೇಟ್ ಬಂತು: ಲೇಖನದ ಗುಣಮಟ್ಟ ಹೆಚ್ಚಿಸಿದ್ದಕ್ಕಾಗಿ ಡಾ. ಬಿ. ಗ್ವಾದಲಿ ಅವರಿಗೆ ವರ್ಷದ ಉತ್ತಮ ವಿಮರ್ಶಕ ಪ್ರಶಸ್ತಿ. ಚೌಕಟ್ಟು ಬೇಕಾದರೆ ಐನೂರು ರೂಪಾಯಿ ಬೇರೆ.