ಮೂರು ಚೌಕಕ್ಕೆ ನಾಲ್ಕು ಅಕ್ಷರ

ಭಾನುವಾರದ ಪುರವಣಿಯಲ್ಲಿ ಕಥೆ, ಕವನ ಏನಿದ್ದರೂ ಊಟದ ನಂತರ, ಮೊದಲು ಪದಬಂಧ. ನಿಮ್ಮಲ್ಲೂ ಹಾಗೆಯೇ ಇರಬೇಕು. ಆದರೆ ನನ್ನ ಕೈಗೆ ಬರುವಾಗ ಅದರ ಅರ್ಧ ಭರ್ತಿಯಾಗಿರುತ್ತದೆ, ಅದೂ ನೀಲಿ ಬಾಲ್ ಪೆನ್ನಿನಲ್ಲಿ. ನಮ್ಮದು ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆ; ನೀರ್ಚಾಲು ಪೇಟೆಯಿಂದ ಪತ್ರಿಕೆ ತರುವವರು ನಮ್ಮ ಭಾವ. ಸೊಸೈಟಿಗೆ ಹಾಲು ಕೊಟ್ಟು, ಹೋಟೆಲಿನಲ್ಲಿ ಕೂತು, ಚಾ ಆರುವುದರೊಳಗೆ ಕೆಲಸ ಮುಗಿಸಿರುತ್ತಾರೆ.

"ಸುಲಭದ್ದೆಲ್ಲ ನಾನು ಮಾಡಿದ್ದೇನೆ, ಕಷ್ಟದ್ದು ನಿನಗೇ ಇಟ್ಟಿದ್ದೇನೆ." ದೊಡ್ಡ ಉಪಕಾರ!

ಮಾಡಿದ್ದಾದರೂ ಸರಿಯಿದೆಯೇ? ಸೂರ್ಯನಿಗೆ ಮೂರು ಚೌಕ ಕೊಟ್ಟಿದ್ದರು. ಭಾಸ್ಕರ ಇದ್ದ, ಆದಿತ್ಯ ಇದ್ದ. ಭಾವ ಬರೆದದ್ದು 'ದಿವಾಕರ'. ಕೊನೆಯ ಚೌಕದಲ್ಲಿ 'ಕ', 'ರ' ಎರಡೂ ಮೈಗೆ ಮೈ ತಾಗಿಸಿ ನಿಂತಿದ್ದವು. ಕೇಳಿದರೆ, "ಕುಂಬಳೆ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ವರು ಕೂರುವುದಿಲ್ಲವಾ?" ತಾವರೆ ಬಂದರೆ ಇನ್ನೂ ಸಲೀಸು. ಪಂಕಜ, ನೀರಜ, ವಾರಿಜ, ಅಂಬುಜ, ಜಲಜ, ಸರೋಜ, ಎಲ್ಲಕ್ಕೂ ಮೂರೇ ಅಕ್ಷರ, ಎಲ್ಲದರ ತುದಿಯಲ್ಲೂ 'ಜ'. ನಾನು ಮೊದಲ ಅಕ್ಷರಕ್ಕೆ ಕಾಯುತ್ತ ಪೆನ್ಸಿಲ್ ಕಚ್ಚುತ್ತೇನೆ. ಭಾವ ಕಾಯುವವರಲ್ಲ, ಪ್ರತಿಸಲವೂ ಅಕ್ಕನ ಹೆಸರನ್ನೇ ಬರೆಯುತ್ತಾರೆ. ಅಕ್ಕನಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಮೊದಲ ಪದಬಂಧ ಹಾಕಿದ ಆರ್ಥರ್ ವಿನ್‌ಗೆ ಇಂಥ ಭಾವ ಇದ್ದಿರಲಾರರು. ಅವನಿಗೇನು, ಚೌಕಕ್ಕೊಂದು ಇಂಗ್ಲಿಷ್ ಅಕ್ಷರ. ನಮ್ಮಲ್ಲಿ ಒತ್ತು, ಸೊನ್ನೆ, ಕಾಗುಣಿತವೆಲ್ಲ ಹೊತ್ತ ಅಕ್ಷರ ಒಂದೇ ಚೌಕದಲ್ಲಿ ಕೂರಬೇಕು; ಎಡದಿಂದ ಬಲಕ್ಕೆ 'ಕಿ' ಬಂದರೆ ಮೇಲಿನಿಂದ ಕೆಳಕ್ಕೂ 'ಕಿ'ಯೇ. ಭಾವನ ಪ್ರಕಾರ ದೀರ್ಘ ಎಳೆಯುವುದು ಬಿಡುವುದು ಓದುವವನ ಉಸಿರಿಗೆ ಸೇರಿದ ವಿಷಯ.

ಹೋದ ವಾರದ್ದಂತೂ ಅತಿಯಾಯಿತು. 'ಬೆಂಗಳೂರಿನ ಹಳೆಯ ಬಡಾವಣೆ', ನಾಲ್ಕು ಚೌಕ. ಭಾವ ಬರೆದದ್ದು 'ಮಂಜೇಶ್ವರ'!

"ಮಲ್ಲೇಶ್ವರ ಅಲ್ಲವಾ ಭಾವ?"

"ಗೋವಿಂದ ಪೈಗಳ ಊರು. 1949ರಲ್ಲೇ ರಾಷ್ಟ್ರಕವಿ ಆದವರು. ಮಲ್ಲೇಶ್ವರದಲ್ಲಿ ಯಾರುಂಟು?"

ಅದೇ 'ಮಂ'ನಿಂದ ಕೆಳಕ್ಕೆ ಕೋತಿ, ಮೂರು ಚೌಕ. 'ಮರ್ಕಟ' ಇರಬೇಕಾದಲ್ಲಿ 'ಮಂಗಣ್ಣ' ಕೂತಿದ್ದಾನೆ. ಅವನ 'ಣ್ಣ'ದಿಂದ ಅಡ್ಡಕ್ಕೆ ನಾನು ಯಾವ ಶಬ್ದ ಹುಟ್ಟಿಸಲಿ? ಕನ್ನಡದಲ್ಲಿ 'ಣ್ಣ'ದಿಂದ ಶುರುವಾಗುವ ಶಬ್ದ ಗೊತ್ತಿದ್ದವರು ದಯವಿಟ್ಟು ಹೇಳಿ.

ಬೇರೆ ಪ್ರತಿ ತರಿಸಿಬಿಡೋಣ ಎಂದು ಎಷ್ಟೋ ಸಲ ಅನಿಸಿದ್ದುಂಟು. ಆದರೆ ಆ ಪುಟಕ್ಕೆ ಮನೆಯಲ್ಲಿ ಬೇರೆ ಗಿರಾಕಿಗಳಿಲ್ಲ. ಭಾವನ ಮಗಳು ನಮಗಿಂತ ಚುರುಕಾಗಿ ಕನ್ನಡ ಮಾತಾಡುತ್ತಾಳೆ, ಓದುವುದಕ್ಕೆ ಮಾತ್ರ ಅವಳಿಗೆ ಮಲಯಾಳವೇ ಸಲೀಸು. ಪಕ್ಕದಲ್ಲಿರುವ ಸುಡೊಕು ಬಿಡಿಸಿ ಎದ್ದು ಹೋಗುತ್ತಾಳೆ. ಹಿಂದೆ ಅಪ್ಪ, ಚಿಕ್ಕಪ್ಪ, ಜಗಲಿಗೆ ಬಂದ ನೆಂಟರು ಎಲ್ಲ ಸೇರಿ ಒಂದು ಚೌಕಕ್ಕೆ ವಾದ ಮಾಡುತ್ತಿದ್ದರು. ಈಗ ಕಿತ್ತಾಡಲು ಉಳಿದವರು ನಾವಿಬ್ಬರೇ.

ಅದಿರಲಿ. ಈ ಭಾನುವಾರ ಹೋದ ವಾರದ ಉತ್ತರ ಬಂದಿದೆ. ಇನ್ನಾದರೂ ಒಪ್ಪುತ್ತಾರೆಂದು ಖುಷಿಯಿಂದ ಪುಟ ಬಿಡಿಸಿದೆ. ಅಚ್ಚಾದ 'ಮಲ್ಲೇಶ್ವರ'ದ ಮೇಲೆ ನೀಲಿ ಗೀಟು, ಪಕ್ಕದಲ್ಲಿ ಗುಂಡು ಅಕ್ಷರದಲ್ಲಿ 'ಮಂಜೇಶ್ವರ'. ಕೆಳಗೆ ಸಣ್ಣದಾಗಿ: 'ಅಚ್ಚಿನ ದೋಷ'.