ಕಿಣ್ವದ ಹಂತವನ್ನೂ ವಿವರಿಸಿ
ಒಂದೇ ಅಂಗಾಂಶದ ತೆಳುಪದರದಲ್ಲಿ ಮೈಕ್ರೋಆರ್‌ಎನ್‌ಎ (ಜೀನ್‌ಗಳ ಕೆಲಸವನ್ನು ಹತೋಟಿಯಲ್ಲಿಡುವ ಪುಟ್ಟ ಆರ್‌ಎನ್‌ಎ) ಮತ್ತು ಪ್ರೋಟೀನ್ ಎರಡನ್ನೂ ಬೇರೆ ಬೇರೆ ಬಣ್ಣದ ಪ್ರತಿದೀಪ್ತಿಯಿಂದ (ಬೆಳಕು ಬಿದ್ದಾಗ ಹೊಮ್ಮುವ ಹೊಳಪಿನಿಂದ) ಗುರುತಿಸಬಹುದು ಎಂದು ನಿಮ್ಮಲ್ಲಿ ಪ್ರಕಟವಾದ ಲೇಖನ ಚೆನ್ನಾಗಿ ತಿಳಿಸಿದೆ. ಆದರೆ ನಿಜವಾದ ಕಷ್ಟವಿರುವ ಜಾಗವನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದೆ. ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಅಂಗಾಂಶದೊಳಕ್ಕೆ ಪ್ರೋಬ್ (ಹುಡುಕುವ ಆರ್‌ಎನ್‌ಎಗೆ ಜೋಡಿಯಾಗಿ ಅಂಟುವ ಗುರುತಿನ ತುಣುಕು) ಇಳಿಯಲು ಸಾಮಾನ್ಯವಾಗಿ ಪ್ರೋಟಿನೇಸ್ ಕೆ ಕಿಣ್ವದಿಂದ ಪ್ರೋಟೀನ್ ಜಾಲವನ್ನು ಸಡಿಲಿಸುತ್ತಾರೆ. ಅದು ತುಸು ಹೆಚ್ಚಾದರೆ ಪ್ರೋಟೀನನ್ನು ಗುರುತಿಸುವ ಪ್ರತಿಕಾಯ ಹಿಡಿಯಬೇಕಾದ ಭಾಗವೇ ಅಳಿದುಹೋಗಬಹುದು. ಕಡಿಮೆಯಾದರೆ ಸುಮಾರು 22 ನ್ಯೂಕ್ಲಿಯೋಟೈಡ್ ಉದ್ದದ ಆ ಪುಟ್ಟ ಆರ್‌ಎನ್‌ಎ ಕೈಗೆ ಸಿಗುವುದಿಲ್ಲ. ರಾಸಾಯನಿಕವಾಗಿ ಮಾರ್ಪಡಿಸಿದ ಎಲ್‌ಎನ್‌ಎ ಪ್ರೋಬ್ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಟೈರಮೈಡ್ ಎಂಬ ರಾಸಾಯನಿಕ ಸಂಕೇತವನ್ನು ಹಿಗ್ಗಿಸುತ್ತದೆ, ನಿಜ. ಆದರೂ ಕಿಣ್ವದ ಅವಧಿಯನ್ನು ಪ್ರತಿ ಬಗೆಯ ಅಂಗಾಂಶಕ್ಕೂ ಹೊಸದಾಗಿ ಹೊಂದಿಸಲೇಬೇಕು.

ಕೋಲಾರದ ಪ್ರಯೋಗಾಲಯವೊಂದರಲ್ಲಿ ಹೊಗೆಸೊಪ್ಪು ಜಗಿಯುವವರ ಬಾಯಿ ಕ್ಯಾನ್ಸರ್ ಮಾದರಿಗಳನ್ನು ದಿನವೂ ನೋಡುವ ನನಗೆ ಈ ವಿಧಾನ ಬಹಳ ಮುಖ್ಯ. ಮಿಆರ್-21 ಎಂಬ ಮೈಕ್ರೋಆರ್‌ಎನ್‌ಎ ಏರಿದೆ ಎಂದು ಅರೆದ ಅಂಗಾಂಶದ ಪಿಸಿಆರ್ ಪರೀಕ್ಷೆ ಹೇಳುತ್ತದೆ. ಏರಿರುವುದು ಗಡ್ಡೆಯ ಕೋಶದಲ್ಲೋ ಪಕ್ಕದ ಫೈಬ್ರೋಬ್ಲಾಸ್ಟ್‌ನಲ್ಲೋ (ಸುತ್ತಲಿನ ಸಂಯೋಜಕ ಅಂಗಾಂಶದ ಕೋಶದಲ್ಲೋ) ಎಂದು ಹೇಳುವುದಿಲ್ಲ. ಅದೇ ಪದರದಲ್ಲಿ ಗಡ್ಡೆಯ ಕೋಶದ ಗುರುತಾದ ಕೆರಟಿನ್ ಪ್ರೋಟೀನಿನ ಪ್ರತಿಕಾಯವನ್ನೂ ಬಳಸಿದರೆ ಎರಡನ್ನೂ ಬೇರ್ಪಡಿಸಿ ನೋಡಬಹುದು.

ಇನ್ನೊಂದು ಮಾತು: ಕೆಂಪು ರಕ್ತಕಣಗಳು ಬಣ್ಣ ಹಾಕದೆಯೇ ಹೊಳೆಯುತ್ತವೆ, ಅದನ್ನೇ ನಿಜವಾದ ಸಂಕೇತವೆಂದು ತಪ್ಪು ತಿಳಿಯಬಹುದು. ಆದ್ದರಿಂದ ಹುಡುಕುವ ಆರ್‌ಎನ್‌ಎಗೆ ಅಂಟದಂತೆ ಅನುಕ್ರಮ ಕಲಸಿದ ನಿಯಂತ್ರಣ ಪ್ರೋಬ್‌ನ ಚಿತ್ರವನ್ನೂ ಪಕ್ಕದಲ್ಲೇ ಪ್ರಕಟಿಸಿ, ದಯವಿಟ್ಟು.